ಕೊನೆ ಹೇಳಬೇಡಿ ಅನ್ನುವವರಿಗೆ

ಮೊದಲೇ ಹೇಳಿಬಿಡ್ತೀನಿ. ಈ ಬರಹದಲ್ಲಿ 'ಯು ಟರ್ನ್' ಸಿನಿಮಾದ ಕೊನೆ ಇದೆ. ಯಾರು ತಪ್ಪು ಮಾಡಿದ್ದು, ಅವರಿಗೆ ಏನಾಯ್ತು, ಎಲ್ಲವೂ ಇದೆ. ನೋಡದವರು, ನೋಡಬೇಕು ಅಂತಿರುವವರು ಇಲ್ಲಿಗೇ ನಿಲ್ಲಿಸಿ ಮುಂದಿನ ಪುಟಕ್ಕೆ ಹೋಗಬಹುದು. ನನಗೆ ಬೇಜಾರಿಲ್ಲ. ಆದರೆ ಅದು 2016ರ ಮೇ 20ಕ್ಕೆ ತೆರೆಕಂಡ ಸಿನಿಮಾ. ಮಲಯಾಳ, ತೆಲುಗು, ತಮಿಳು, ಹಿಂದಿ ಎಲ್ಲ ಕಡೆ ಹೋಗಿ ಬೇರೆ ಬೇರೆ ಮುಖ ಹಾಕಿಕೊಂಡು ಬಂದಾಯ್ತು. ಇಷ್ಟು ವರ್ಷ ಕಳೆದ ಮೇಲೂ ಅದರ ಕೊನೆಯ ಬಗ್ಗೆ ಬಾಯಿ ಬಿಡಬಾರದು ಅಂದ್ರೆ, ಮತ್ತೆ ಯಾವಾಗ ಮಾತಾಡೋದು?

ಬೈಗುಳ ತಿಂದದ್ದು ಹೀಗೆ. ನಮ್ಮೂರು ಕಿರವತ್ತಿ. ಹುಬ್ಬಳ್ಳಿಯಿಂದ ಅಂಕೋಲೆಗೆ ಹೋಗುವ ಹೆದ್ದಾರಿಯಲ್ಲಿ, ಕಲಘಟಗಿ ದಾಟಿ ಯಲ್ಲಾಪುರ ಮುಟ್ಟುವ ಮೊದಲು ಸಿಗುವ ಊರು. ಬಯಲುಸೀಮೆ ಇನ್ನೂ ಪೂರ್ತಿ ಮುಗಿದಿರೋದಿಲ್ಲ, ಮಲೆನಾಡು ಪೂರ್ತಿ ಶುರುವಾಗಿರೋದಿಲ್ಲ. ತೇಗದ ಕಾಡು, ಮರದ ಡಿಪೋ, ಆಚೀಚೆ ಗೌಳಿವಾಡೆಗಳು, ನಡುವೆ ಹಗಲೂ ರಾತ್ರಿ ಲಾರಿ. ಅಲ್ಲಿ ಚಹಾದಂಗಡಿಯಲ್ಲಿ ಕೂತು ನಾನು ಈ ಸಿನಿಮಾದ ಕಥೆ ಹೇಳ್ತಾ ಇದ್ದೆ. ಬೆಂಗಳೂರಿಂದ ಹಬ್ಬಕ್ಕೆ ಬಂದಿದ್ದ ಚಿಕ್ಕಪ್ಪನ ಮಗ ಪಕ್ಕದಲ್ಲಿದ್ದ. ನಾನು ಕೊನೆಗೆ ಬರುವಷ್ಟರಲ್ಲಿ ಅವನು ಗ್ಲಾಸು ಕುಕ್ಕಿದ.

"ಏನ್ ಮಾರಾಯಾ, ಕ್ಲೈಮ್ಯಾಕ್ಸೇ ಹೇಳಿಬಿಟ್ಟೆಯಲ್ಲ! ಸ್ಪಾಯ್ಲರ್ ಕೊಡಬಾರದು ಅಂತ ಅಷ್ಟೂ ಗೊತ್ತಾಗಲ್ವಾ? ನಾನು ಈ ವಾರ ನೋಡಬೇಕು ಅಂತಿದ್ದೆ."

ಅದೇ ಹೊತ್ತಿಗೆ ಅಂಗಡಿಯವರು ಚಹಾ ಸೋಸೋದು ನಿಲ್ಲಿಸಿ ಕೇಳಿದರು: "ಇರ್ಲಿ ಬಿಡ್ರೀ, ಮುಂದೇನಾತು ಹೇಳ್ರಿ."

ಈ ಇಬ್ಬರ ನಡುವೆ ಇರೋ ಜಗಳವೇ ಈ ಲೇಖನ. ನಾನು ಅಂಗಡಿಯವರ ಕಡೆ.

ಈಗಿನ ಸಸ್ಪೆನ್ಸ್ ಸಿನಿಮಾ ವಿಮರ್ಶೆ ಒಂದನ್ನು ತೆಗೆದು ಓದಿ. ಯಾವುದಾದರೂ ಸರಿ. ನಾಯಕ ಒಂದು ಊರಿಗೆ ಬರ್ತಾನೆ, ಅಲ್ಲಿ ಒಂದು ಕೊಲೆ ಆಗ್ತದೆ. ಕೊಲೆಗಾರ ಯಾರು? ತೆರೆಯ ಮೇಲೇ ನೋಡಿ. ಆಮೇಲೆ ಛಾಯಾಗ್ರಹಣಕ್ಕೆ ಒಂದು ಸಾಲು, ಹಿನ್ನೆಲೆ ಸಂಗೀತಕ್ಕೆ ಒಂದು ಸಾಲು, ಮೊದಲರ್ಧ ಸ್ವಲ್ಪ ನಿಧಾನ, ದ್ವಿತೀಯಾರ್ಧ ಸೀಟಿನ ತುದಿಗೆ ತಂದು ಕೂರಿಸ್ತದೆ, ಮೂರೂವರೆ ಸ್ಟಾರು. ಹೆಸರು ಅಳಿಸಿ ಬೇರೆ ಸಿನಿಮಾದ ಹೆಸರು ಬರೆದರೂ ನಡೀತದೆ. ಇದು ವಿಮರ್ಶೆ ಅಲ್ಲ, ಹೋಟೆಲಿನ ಹೊರಗಿನ ಬೋರ್ಡು. ಒಳಗಿನ ಅಡುಗೆ ಹೇಗಿತ್ತು ಅಂತ ಉಂಡವನು ಹೇಳಬಾರದು ಅನ್ನೋ ನಿಯಮ ಇಟ್ಟುಕೊಂಡು ಹೋಟೆಲ್ ವಿಮರ್ಶೆ ಬರೆದ ಹಾಗೆ.

ಸಸ್ಪೆನ್ಸ್ ಸಿನಿಮಾದ ಅರ್ಥ ಇರೋದು ಕೊನೆಯಲ್ಲಿ. ಪ್ರೇಮಕಥೆಯ ಕೊನೆ ಹೇಳದೆಯೂ ಅದರ ಬಗ್ಗೆ ನಾಲ್ಕು ಮಾತು ಆಡಬಹುದು. ಆದರೆ ಒಂದು ತಪ್ಪು ಯಾರ ಮೇಲೆ ಬೀಳ್ತದೆ ಅನ್ನೋದೇ ವಿಷಯವಾದ ಸಿನಿಮಾದಲ್ಲಿ, ಅದು ಯಾರ ಮೇಲೆ ಬಿತ್ತು ಅಂತ ಹೇಳದೆ ಇದ್ದರೆ ನಾವು ಮಾತಾಡಿದ್ದಾದರೂ ಏನು? ಕೊನೆ ಮುಚ್ಚಿಟ್ಟರೆ ಉಳಿಯೋದು ಮಂಜು, ಮಳೆ, ಕಾಡು, ಬಾಗಿಲಿನ ಕಿರ್ ಶಬ್ದ. ಅದಕ್ಕೇ ನಮ್ಮ ವಿಮರ್ಶೆಗಳ ತುಂಬ ಮಂಜು.

ಇದು ಹಳೇ ಸಂಪ್ರದಾಯ, ಕಲೆಯ ಮರ್ಯಾದೆ ಅಂತ ಕೆಲವರು ಹೇಳ್ತಾರೆ. ಅಗಾಥಾ ಕ್ರಿಸ್ಟಿಯ 'ಮೌಸ್‌ಟ್ರ್ಯಾಪ್' ನಾಟಕ ಲಂಡನ್ನಿನಲ್ಲಿ 1952ರಿಂದ ಆಡ್ತಾ ಬಂದಿದೆ. ಆಟ ಮುಗಿದ ಮೇಲೆ ಗುಟ್ಟು ಬಿಟ್ಟುಕೊಡಬೇಡಿ ಅಂತ ಪ್ರೇಕ್ಷಕರನ್ನು ಕೇಳಿಕೊಳ್ತಾರೆ. ಹಿಚ್‌ಕಾಕ್ 1960ರಲ್ಲಿ 'ಸೈಕೋ' ಬಿಟ್ಟಾಗ ಆಟ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡಬೇಡಿ ಅಂತ ಥಿಯೇಟರಿನವರಿಗೆ ತಾಕೀತು ಮಾಡಿಸಿದ. ಸರಿ. ಆದರೆ ಇವೆರಡೂ ಟಿಕೆಟ್ ಮಾರುವವರ ಮಾತು. ಮಾರುವವನು ಗುಟ್ಟು ಕಾಯ್ದರೆ ಅದು ವ್ಯಾಪಾರ, ತಪ್ಪೇನಿಲ್ಲ. ಬರೆಯುವವನು ಯಾಕೆ ಅವನ ಬಾಗಿಲು ಕಾಯಬೇಕು?

ಅದೇ ಹಿಚ್‌ಕಾಕ್ ಟ್ರೂಫೋ ಜೊತೆ ಮಾತಾಡುವಾಗ ಹೇಳಿದ ಉದಾಹರಣೆ ಎಲ್ಲರಿಗೂ ಗೊತ್ತಿರುವಂಥದ್ದು. ಮೇಜಿನ ಕೆಳಗೆ ಬಾಂಬಿದೆ. ನೋಡುವವರಿಗೆ ಅದು ಗೊತ್ತಿಲ್ಲದೆ ಸಿಡಿದರೆ ಹದಿನೈದು ಸೆಕೆಂಡು ಬೆಚ್ಚಿಬೀಳ್ತಾರೆ. ಗೊತ್ತಿದ್ದರೆ ಹದಿನೈದು ನಿಮಿಷ ಉಸಿರು ಹಿಡೀತಾರೆ. ಅವನು ಬರೀ ಹೇಳಿ ಬಿಡಲಿಲ್ಲ. 1958ರ 'ವರ್ಟಿಗೋ'ದಲ್ಲಿ ಗುಟ್ಟನ್ನು ಕೊನೆವರೆಗೆ ಕಾಯದೆ ನಡುವೆಯೇ ನಮಗೆ ಬಿಚ್ಚಿಟ್ಟ. ನಾಯಕನಿಗೆ ಮಾತ್ರ ಗೊತ್ತಿಲ್ಲ. ಅಲ್ಲಿಂದ ಮುಂದೆ ಅವನನ್ನು ನೋಡೋದೇ ಸಂಕಟ.

ಕನ್ನಡದಲ್ಲಿ ಸುನಿಲ್ ಕುಮಾರ್ ದೇಸಾಯಿ ಎರಡೂ ಬಗೆ ಮಾಡಿದ್ದಾರೆ. 'ನಮ್ಮೂರ ಮಂದಾರ ಹೂವೇ' ತೆಗೆದು ನಮ್ಮ ಜಿಲ್ಲೆಯ ಯಾಣವನ್ನು ಇಡೀ ರಾಜ್ಯಕ್ಕೆ ತೋರಿಸಿದವರು ಅವರು. 1989ರ 'ತರ್ಕ'ದಲ್ಲಿ ಹಾಡಿಲ್ಲ, ಗುಟ್ಟು ಇದೆ. 1993ರ 'ನಿಷ್ಕರ್ಷ'ದಲ್ಲೂ ಹಾಡಿಲ್ಲ, ಗುಟ್ಟೂ ಹೆಚ್ಚಿಲ್ಲ. ಬ್ಯಾಂಕು ಲೂಟಿ ಮಾಡೋರು ಯಾರು ಅಂತ ನಮಗೆ ಗೊತ್ತು. ಒಳಗೆ ಸಿಕ್ಕಿಬಿದ್ದವರು ಯಾರು ಅಂತಲೂ ಗೊತ್ತು. ಆದರೂ ಟಿವಿಯಲ್ಲಿ ಬಂದರೆ ನಾನು ಇವತ್ತಿಗೂ ಏಳೋದಿಲ್ಲ. ವಿಷ್ಣುವರ್ಧನ್ ಗೆಲ್ತಾರೆ ಅಂತ ಗೊತ್ತಿದ್ದೂ ಏಳೋದಿಲ್ಲ.

ಕುತೂಹಲ ಬೇರೆ, ಆತಂಕ ಬೇರೆ ಸ್ವಾಮಿ. ಕುತೂಹಲ ತಿಳಿದ ಕೂಡಲೇ ಸಾಯ್ತದೆ. ಆತಂಕ ತಿಳಿದ ಮೇಲೇ ಹುಟ್ಟೋದು.

ಇದನ್ನು ಹಿಚ್‌ಕಾಕ್ ಬಂದು ನಮಗೆ ಕಲಿಸಬೇಕಾಗಿರಲಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಹುಟ್ಟಿದವರು ಯಕ್ಷಗಾನದ ಮುಂದೆ ಕೂತೇ ಬೆಳೆದವರು. ಭಸ್ಮಾಸುರ ಮೋಹಿನಿ ಆಟಕ್ಕೆ ಕೊನೆ ಗೊತ್ತಿಲ್ಲದೆ ಬಂದ ಒಬ್ಬನನ್ನು ತೋರಿಸಿ. ಕೈ ತಲೆ ಮೇಲೆ ಬೀಳ್ತದೆ, ಸುಟ್ಟು ಬೂದಿಯಾಗ್ತಾನೆ. ತೊಡೆ ಮೇಲೆ ಮಲಗಿದ ಮಗುವಿಗೂ ಗೊತ್ತು. ಆದರೂ ಚಿಟ್ಟಾಣಿಯವರ ಭಸ್ಮಾಸುರ ಮೋಹಿನಿ ಕುಣಿದಂತೆ ಕುಣೀತಾ, ಕೈ ಸೊಂಟಕ್ಕೆ, ಕೈ ಎದೆಗೆ, ಕೈ ಭುಜಕ್ಕೆ ಬರ್ತಾ ಇದ್ದರೆ ಸಭೆಗೆ ಸಭೆಯೇ ಉಸಿರು ಬಿಗಿ ಹಿಡೀತಿತ್ತು. ಗೊತ್ತಿದ್ದದ್ದಕ್ಕೇ ಹಿಡೀತಿತ್ತು. ಗೊತ್ತಿಲ್ಲದವನಿಗೆ ಅದು ಬರೀ ಕುಣಿತ. ಗದಾಯುದ್ಧದ ಕೌರವ ನೀರೊಳಗೆ ಅಡಗಿದ್ದಾನೆ ಅನ್ನೋದು ಸ್ಪಾಯ್ಲರಾ? ಕರ್ಣ ಕುಂತಿಯ ಮಗ ಅನ್ನೋದು? ತಾಳಮದ್ದಳೆಯಲ್ಲಂತೂ ಕಥೆ ಎಲ್ಲರಿಗೂ ಬಾಯಿಪಾಠ. ಜನ ಬರೋದು ಅರ್ಥಧಾರಿ ಈ ಸಲ ಕರ್ಣನ ಪರವಾಗಿ ಏನು ಹೇಳ್ತಾರೆ ಅಂತ ಕೇಳೋಕೆ. ಅಂದರೆ ಕೊನೆ ಗೊತ್ತಿರುವವರ ನಡುವೆ ನಡೆಯೋ ಚರ್ಚೆ. ವಿಮರ್ಶೆ ಅಂದ್ರೆ ಅದೇ ಅಲ್ವಾ?

ಇನ್ನೊಂದು ಮಾತು. ಈ 'ಸ್ಪಾಯ್ಲರ್' ಅನ್ನೋ ಸಿಟ್ಟು ಇದೆಯಲ್ಲ, ಅದು ಶುಕ್ರವಾರ ಮೊದಲ ಆಟ ನೋಡಬಲ್ಲವರ ಸಿಟ್ಟು. ನಮ್ಮೂರಿನವರು ಹೊಸ ಸಿನಿಮಾ ಥಿಯೇಟರಿನಲ್ಲಿ ನೋಡಬೇಕಂದ್ರೆ ಹುಬ್ಬಳ್ಳಿ ಬಸ್ಸು ಹತ್ತಬೇಕು. ಹೋಗೋ ಖರ್ಚು, ಬರೋ ಖರ್ಚು, ಒಂದು ದಿನದ ಕೂಲಿ. ನಾವು ಚಿಕ್ಕವರಿದ್ದಾಗ ಓಣಿಯಲ್ಲಿ ಒಬ್ಬರು ನೋಡಿ ಬರೋರು, ಉಳಿದವರು ಅವರ ಬಾಯಲ್ಲಿ ಕೇಳೋರು. ಎಷ್ಟೋ ಸಿನಿಮಾ ನಾನು ಕೇಳಿ ನೋಡಿದವನು. ಕೆಲವು ಕೇಳಿದ್ದೇ ಹೊರತು ಇವತ್ತಿಗೂ ನೋಡಿಲ್ಲ. ಹೇಳುವವರು ಕೊನೆ ಬಿಟ್ಟು ಹೇಳಿದ್ದರೆ ಹೊಡೆದಾಟ ಆಗ್ತಿತ್ತು. ಚಹಾದಂಗಡಿಯವರು "ಮುಂದೇನಾತು" ಅಂತ ಕೇಳಿದ್ದು ಆ ರೂಢಿಯಿಂದ. ಅವರು ಆ ಸಿನಿಮಾ ನೋಡೋದಿಲ್ಲ. ಬೆಳಿಗ್ಗೆ ಐದಕ್ಕೆ ಒಲೆ ಹಚ್ಚುವವರು ರಾತ್ರಿ ಕೂತು ನೋಡೋದು ಯಾವಾಗ? ಅವರಿಗೆ ಕಥೆ ಸಿಗಬೇಕಾದದ್ದು ನನ್ನ ಬಾಯಿಂದಲೇ. ನನ್ನ ಚಿಕ್ಕಪ್ಪನ ಮಗನ ಒಂದು ಸಂಜೆಯ ಥ್ರಿಲ್ಲಿಗೋಸ್ಕರ ಅವರಿಗೆ ಅರ್ಧ ಕಥೆ ಹೇಳಿ ಏಳಬೇಕಾ?

ಈಗ ಸಿನಿಮಾಕ್ಕೆ ಬರೋಣ.

'ಲೂಸಿಯಾ'ದ ಪವನ್ ಕುಮಾರ್ ಬರೆದು ನಿರ್ದೇಶಿಸಿದ್ದು 'ಯು ಟರ್ನ್'. ಬೆಂಗಳೂರಿನ ಡಬಲ್ ರೋಡ್ ಫ್ಲೈಓವರ್. ನಡುವೆ ವಿಭಜಕವಾಗಿ ಕಾಂಕ್ರೀಟು ಕಲ್ಲುಗಳು. ಮುಂದೆ ಹೋಗಿ ಸುತ್ತಿ ಬರೋಕೆ ಸೋಮಾರಿತನ ಇರುವ ಬೈಕಿನವರು ಕಲ್ಲು ಸರಿಸಿ ತಿರುಗಿಸಿಕೊಂಡು ಹೋಗ್ತಾರೆ. ಕಲ್ಲು ವಾಪಸ್ ಇಡೋದಿಲ್ಲ. ಪತ್ರಿಕೆಯೊಂದರಲ್ಲಿ ಇಂಟರ್ನ್ ಆಗಿರುವ ರಚನಾ ಇದರ ಬಗ್ಗೆ ಸುದ್ದಿ ಬರೆಯೋಣ ಅಂತ, ಹಾಗೆ ತಿರುಗಿಸಿದವರ ಗಾಡಿ ನಂಬರು ಸಂಗ್ರಹಿಸ್ತಾಳೆ. ಒಬ್ಬನನ್ನು ಮಾತಾಡಿಸೋಕೆ ಮನೆಗೆ ಹೋದರೆ ಅವನು ಅದೇ ದಿನ ಸತ್ತಿದ್ದಾನೆ. ಪೊಲೀಸರು ಅವಳನ್ನೇ ಹಿಡೀತಾರೆ. ನಾಯಕ್ ಅನ್ನೋ ಸಬ್ ಇನ್ಸ್‌ಪೆಕ್ಟರು ಪಟ್ಟಿ ತೆಗೆದು ನೋಡಿದರೆ ಪಟ್ಟಿಯಲ್ಲಿರುವ ಒಬ್ಬೊಬ್ಬರೂ ಸತ್ತಿದ್ದಾರೆ. ಎಲ್ಲವೂ ಆತ್ಮಹತ್ಯೆ ಅಂತ ಫೈಲು ಮುಚ್ಚಿವೆ. ಇನ್ನೂ ಬದುಕಿರುವವರನ್ನು ಉಳಿಸೋಣ ಅಂತ ಠಾಣೆಯ ಲಾಕಪ್ಪಿನೊಳಗೆ ಕೂರಿಸಿದರೂ ಉಳಿಯೋದಿಲ್ಲ.

ಕೊಲ್ತಾ ಇರೋದು ಮಾಯಾ. ಹೀಗೇ ಯಾರೋ ಸರಿಸಿ ಬಿಟ್ಟುಹೋದ ಕಲ್ಲಿನಿಂದ ಅದೇ ಫ್ಲೈಓವರ್ ಮೇಲೆ ಪುಟ್ಟ ಮಗಳ ಜೊತೆ ಸತ್ತವಳು. ತನ್ನನ್ನು ಕೊಂದ ಕಲ್ಲು ಯಾರು ಸರಿಸಿದ್ದು ಅಂತ ಅವಳಿಗೆ ಗೊತ್ತಿಲ್ಲ. ಹಾಗಾಗಿ ಸರಿಸಿದವರನ್ನೆಲ್ಲ ಕೊಲ್ತಾಳೆ. ಕೊನೆಗೆ ರಚನಾ ಹುಡುಕಿ ತೆಗೀತಾಳೆ. ಆ ದಿನ ಕಲ್ಲು ಸರಿಸಿದವನು ಮಾಯಾಳ ಗಂಡ ರಿತೇಶನೇ. ಮಾಯಾ ಅವನನ್ನು ಕೊಲ್ಲೋದಿಲ್ಲ. ಬದುಕು ಅಂತ ಬಿಟ್ಟುಬಿಡ್ತಾಳೆ.

ನೋಡಿ, ಇಷ್ಟು ಹೇಳಿದ ಮೇಲೆ ತಾನೇ ಮಾತು ಶುರುವಾಗೋದು.

ಕೊನೆ ಬಿಟ್ಟು ಈ ಸಿನಿಮಾ ಹೇಳಿದರೆ ಅದು ದೆವ್ವದ ಕಥೆ. ಸಂಚಾರ ನಿಯಮ ಪಾಲಿಸಿ ಅನ್ನೋ ನೀತಿಪಾಠ. ಆಗಿನ ವಿಮರ್ಶೆಗಳಲ್ಲಿ ನಾನು ಓದಿದ ಬಹುಪಾಲು ಹಾಗೇ ಹೇಳಿ ಮುಗಿಸಿದವು. ಕೊನೆ ಸೇರಿಸಿದರೆ ಅದು ಪೂರ್ತಿ ಬೇರೆಯೇ ಸಿನಿಮಾ. ತಪ್ಪು ಮಾಡಿದವನು ಎಲ್ಲೋ ಹೊರಗಿದ್ದಾನೆ, ಯಾವನೋ ಹೊಣೆಗೇಡಿ, ಯಾವನೋ ಪಾಪಿ ಅಂತ ಒಂದೂಮುಕ್ಕಾಲು ಗಂಟೆ ಹುಡುಕಿದ ಮೇಲೆ ಅವನು ಮನೆಯೊಳಗೇ ಸಿಗ್ತಾನೆ. ಅವಳಿಗಾಗಿ ಅತ್ತವನೇ ಸಿಗ್ತಾನೆ. ಅವನು ರಾಕ್ಷಸ ಅಲ್ಲ. ಎರಡು ನಿಮಿಷ ಉಳಿಸೋಕೆ ಹೋದವನು. ಎರಡನೇ ಸಲ ನೋಡುವಾಗ ರಿತೇಶ ತೆರೆ ಮೇಲೆ ಬಂದಾಗಲೆಲ್ಲ ಹೊಟ್ಟೆಯೊಳಗೆ ಏನೋ ಆಗ್ತದೆ. ಮೊದಲ ಸಲ ನೋಡಿದವನಿಗೆ ಅದು ಆಗೋದೇ ಇಲ್ಲ. ಹಾಗಾದರೆ ಯಾವುದು ಹೆಚ್ಚು ಸಿನಿಮಾ? ಗೊತ್ತಿಲ್ಲದೆ ನೋಡಿದ್ದೋ, ಗೊತ್ತಿದ್ದು ನೋಡಿದ್ದೋ?

ಇಷ್ಟು ಹೇಳಿದ ಮೇಲೆ ಸಿನಿಮಾಕ್ಕೆ ಬೈಯೋದೂ ಇದೆ. ಕೊನೆ ಹೇಳಬಾರದು ಅನ್ನೋ ನಿಯಮದಿಂದ ಇದೂ ಎಲ್ಲೂ ಚರ್ಚೆಗೆ ಬರಲಿಲ್ಲ.

ಒಂದು, ಶಿಕ್ಷೆಯ ಅಳತೆ. ಕಲ್ಲು ಸರಿಸಿದ ಅಷ್ಟೂ ಜನಕ್ಕೆ ಸಾವು. ಅವರು ಸರಿಸಿದ ಕಲ್ಲಿನಿಂದ ಯಾರಿಗೂ ಗೀರು ಬೀಳದೆ ಇದ್ದರೂ ಸಾವು. ಆದರೆ ಸರಿಸಿದ್ದರಿಂದ ನಿಜವಾಗಿ ಇಬ್ಬರು ಸತ್ತರೋ, ಅವನಿಗೆ ಜೀವದಾನ. ತಪ್ಪಿತಸ್ಥ ಭಾವದಲ್ಲಿ ಬದುಕೋದು ಸಾವಿಗಿಂತ ದೊಡ್ಡ ಶಿಕ್ಷೆ ಅಂತ ಸಿನಿಮಾ ಹೇಳ್ತದೆ. ಕೇಳೋಕೆ ಚೆನ್ನಾಗಿದೆ. ಆದರೆ ಉಳಿದವರ ಹೆಂಡತಿ ಮಕ್ಕಳು ಒಪ್ಪುತ್ತಾರಾ? ಅವರ ಮನೆಗೆ ಸಿನಿಮಾ ಹೋಗೋದೇ ಇಲ್ಲ.

ಎರಡು, ಇದು ದೊಡ್ಡದು. ಆ ಕಲ್ಲು ಕೈಯಲ್ಲಿ ಸರಿಸೋಕೆ ಬರೋ ಹಾಗೆ ಯಾಕಿತ್ತು? ಫ್ಲೈಓವರ್ ನಡುವೆ ಗಟ್ಟಿ ವಿಭಜಕ ಕಟ್ಟದೆ ಬಿಡಿ ಕಲ್ಲು ಇಟ್ಟವರು ಯಾರು? ಜಾಗ ಬಿಟ್ಟರೆ ಜನ ನುಗ್ಗುತ್ತಾರೆ ಅಂತ ಗೊತ್ತಿದ್ದೂ ಬಿಟ್ಟ ಇಂಜಿನಿಯರು ಯಾರು? ಸಿನಿಮಾದಲ್ಲಿ ಆ ಮನುಷ್ಯ ಇಲ್ಲ. ಮಾಯಾಳ ಪಟ್ಟಿಯಲ್ಲಿ ಎಲ್ಲ ಬೈಕಿನವರು. ಟೆಂಡರು ಬರೆದವರು, ಸಹಿ ಹಾಕಿದವರು ಒಬ್ಬರೂ ಇಲ್ಲ. ನಮ್ಮ ದೆವ್ವಗಳೂ ಸರ್ಕಾರಿ ಕಚೇರಿಗೆ ಹೋಗೋಕೆ ಹೆದರ್ತಾವೆ ಅಂತ ಕಾಣ್ತದೆ. ಮಧ್ಯಮ ವರ್ಗದ ಬೈಕ್ ಸವಾರನಿಗೆ ಪಾಪಪ್ರಜ್ಞೆ ಹೊರಿಸಿ ಸಿನಿಮಾ ಮನೆಗೆ ಹೋಗ್ತದೆ. ನಾವು ಚಪ್ಪಾಳೆ ಹೊಡೆದು, ಪಾರ್ಕಿಂಗಿಗೆ ಬಂದು, ರಾಂಗ್ ಸೈಡಲ್ಲಿ ಹೊರಗೆ ಹೋಗ್ತೀವಿ.

ಈ ಎರಡು ಮಾತು ಕೊನೆ ಹೇಳದೆ ಬರೆಯೋಕೆ ಸಾಧ್ಯವಾ? ನೀವೇ ಹೇಳಿ.

ಈಗ ಚಹಾದಂಗಡಿಯಲ್ಲಿ ನಾನು ಈ ಕಥೆ ಯಾಕೆ ಎತ್ತಿದೆ ಅನ್ನೋದು.

ನಮ್ಮ ಹೆದ್ದಾರಿ ಮೊದಲು 63 ಇತ್ತು, ಈಗ 52. ನಂಬರು ಬದಲಾಯ್ತು. ಅಂಕೋಲೆ ಕಡೆಯಿಂದ ಅರಬೈಲ ಘಟ್ಟ ಹತ್ತಿ ಬಂದ ಲಾರಿಗಳು ಇಂಜಿನ್ ಕಾದು ನಮ್ಮ ಭಾಗದಲ್ಲಿ ನಿಲ್ಲೋದು ಬದಲಾಗಲಿಲ್ಲ. ಈ ದಾರಿಯಲ್ಲಿ ಓಡಾಡಿದವರಿಗೆಲ್ಲ ಗೊತ್ತು. ಲಾರಿ ಕೆಟ್ಟು ನಿಂತರೆ ಡ್ರೈವರು ಹಿಂದೆ ಒಂದಷ್ಟು ದೂರ ಸೊಪ್ಪು ಮುರಿದು ಹಾಕ್ತಾನೆ. ಸುತ್ತ ದೊಡ್ಡ ದೊಡ್ಡ ಕಲ್ಲು ಇಡ್ತಾನೆ. ಬರೋ ಗಾಡಿಗೆ ಎಚ್ಚರಿಕೆ. ಒಳ್ಳೇ ಕೆಲಸವೇ. ಆಮೇಲೆ ಮೆಕ್ಯಾನಿಕ್ ಬರ್ತಾನೆ, ಗಾಡಿ ಸರಿ ಆಗ್ತದೆ, ಲಾರಿ ಹೋಗ್ತದೆ. ಕಲ್ಲು ಅಲ್ಲೇ ಇರ್ತವೆ. ಎಚ್ಚರಿಕೆಗೆ ಅಂತ ಇಟ್ಟಿದ್ದೇ ಈಗ ಅಪಾಯ.

ಏಳೆಂಟು ವರ್ಷದ ಹಿಂದಿನ ಮಾತು. ಮಳೆಗಾಲ. ಹುಬ್ಬಳ್ಳಿಯಿಂದ ಬೈಕಿನಲ್ಲಿ ಬರ್ತಾ ಇದ್ದೆ, ಮುಸ್ಸಂಜೆ. ಊರು ಇನ್ನು ನಾಲ್ಕೈದು ಕಿಲೋಮೀಟರ್ ಇರುವಾಗ ತಿರುವಿನ ನಂತರ ರಸ್ತೆ ಮೇಲೆ ಐದು ಕಲ್ಲು. ಲಾರಿ ಇಲ್ಲ. ಸೊಪ್ಪು ಬಾಡಿ ಟೈರಿಗೆ ಸಿಕ್ಕು ಚಿಂದಿಯಾಗಿತ್ತು. ನಾನು ಗಾಡಿ ಸರಿಸಿಕೊಂಡೆ. ಯಾರೋ ಇಟ್ಟುಹೋಗಿದಾರೆ ನೋಡು, ಬುದ್ಧಿ ಇಲ್ಲ ಅಂತ ಬೈದುಕೊಂಡೆ. ಮಳೆ ಹನಿಯೋಕೆ ಶುರುವಾಗಿತ್ತು. ಯಾರಾದರೂ ತೆಗೀತಾರೆ ಅಂದುಕೊಂಡು ಮನೆಗೆ ಬಂದೆ.

ಮರುದಿನ ಬೆಳಗಿನ ಜಾವ ಹಾಲು ತರುತ್ತಿದ್ದ ಗೌಳಿವಾಡೆಯ ಹುಡುಗ ಅಲ್ಲಿ ಬಿದ್ದು ಸತ್ತ. ನಮ್ಮ ಓಣಿಗೂ ಅವನೇ ಹಾಲು ಹಾಕ್ತಿದ್ದ. ಇಪ್ಪತ್ತೋ ಇಪ್ಪತ್ತೊಂದೋ. ಕ್ಯಾನು ಉರುಳಿ ಹಾಲು ಮಳೆ ನೀರಿನ ಜೊತೆ ಚರಂಡಿಗೆ ಹೋಗಿತ್ತು ಅಂತ ನೋಡಿ ಬಂದವರು ಹೇಳಿದರು. ನಾನು ನೋಡೋಕೆ ಹೋಗಲಿಲ್ಲ. ಪೇಪರಿನಲ್ಲಿ ಮೂರು ಸಾಲು ಬಂತು: ಬೈಕ್ ಸ್ಕಿಡ್, ಸವಾರ ಸಾವು.

ಸ್ಕಿಡ್. ಕಲ್ಲಿನ ಸುದ್ದಿಯೇ ಇಲ್ಲ. ಲಾರಿಯ ಸುದ್ದಿ ಇಲ್ಲ. ಅಲ್ಲಿ ರಸ್ತೆಗೆ ಗಾಡಿ ನಿಲ್ಲಿಸೋಕೆ ಅಂಚೇ ಇಲ್ಲ, ದೀಪ ಇಲ್ಲ ಅನ್ನೋ ಸುದ್ದಿ ಇಲ್ಲ. ಹಿಂದಿನ ಸಂಜೆ ಅದೇ ಕಲ್ಲು ನೋಡಿ ಸರಿದು ಹೋದ ಹತ್ತೋ ಇಪ್ಪತ್ತೋ ಜನರ ಸುದ್ದಿಯೂ ಇಲ್ಲ. ಅವರಲ್ಲಿ ನಾನೂ ಒಬ್ಬ.

ಇದು ಕೂಡ ಕೊನೆ ಬಿಟ್ಟು ಬರೆದ ವಿಮರ್ಶೆಯೇ. ಸಿನಿಮಾದಲ್ಲಿ ಪೊಲೀಸರು ಒಂದೊಂದು ಸಾವನ್ನೂ ಆತ್ಮಹತ್ಯೆ ಅಂತ ಮುಚ್ಚಿದರಲ್ಲ, ಅದೇ ಕೆಲಸವನ್ನು ನಮ್ಮಲ್ಲಿ 'ಸ್ಕಿಡ್' ಅನ್ನೋ ಪದ ಮಾಡ್ತದೆ. 'ಚಾಲಕನ ನಿಯಂತ್ರಣ ತಪ್ಪಿ' ಅನ್ನೋದು ಮಾಡ್ತದೆ. ಸತ್ತವನೇ ತಪ್ಪಿತಸ್ಥ, ಕಥೆ ಮುಗೀತು, ತೆರೆಯ ಮೇಲೇ ನೋಡಿ. 2022ರಲ್ಲಿ ಈ ದೇಶದ ರಸ್ತೆಗಳ ಮೇಲೆ 1,68,491 ಜನ ಸತ್ತರು ಅಂತ ಕೇಂದ್ರ ಸರ್ಕಾರದ ಲೆಕ್ಕ ಹೇಳ್ತದೆ. ಇದರಲ್ಲಿ ಎಷ್ಟರ ಕೊನೆ ನಮಗೆ ಗೊತ್ತಿದೆ? 2025ರ ಜನವರಿ 22ರ ನಸುಕಿನಲ್ಲಿ, ಸವಣೂರಿನಿಂದ ಕುಮಟಾ ಸಂತೆಗೆ ಹೊರಟಿದ್ದ ಹಣ್ಣು ತರಕಾರಿ ವ್ಯಾಪಾರಿಗಳ ಲಾರಿ ನಮ್ಮದೇ ತಾಲೂಕಿನ ಅರಬೈಲ ಘಟ್ಟದ ಹತ್ತಿರ ಉರುಳಿ ಹತ್ತು ಜೀವ ಹೋಯ್ತು. ನಾಲ್ಕು ದಿನ ಎಲ್ಲರೂ ಮಾತಾಡಿದರು. ಪರಿಹಾರ ಘೋಷಣೆ ಆಯ್ತು. ಸಂತೆ ವ್ಯಾಪಾರಿಗಳು ಮೂಟೆ ಜೊತೆ ಲಾರಿಯಲ್ಲೇ ಕೂತು ಘಟ್ಟ ಇಳಿಯೋ ಹಾಗೆ ಯಾಕೆ ಆಗಿದೆ? ಅವರ ಸರಕೂ ಅವರೂ ಒಟ್ಟಿಗೆ, ಕೈಗೆಟುಕೋ ದುಡ್ಡಿನಲ್ಲಿ, ಸೀಟಿನ ಮೇಲೆ ಕೂತು ಹೋಗೋಕೆ ಬೇರೆ ದಾರಿ ಏನಿದೆ? ಆ ಪ್ರಶ್ನೆ ಕೇಳೋ ಹೊತ್ತಿಗೆ ಎಲ್ಲರೂ ಥಿಯೇಟರಿನಿಂದ ಎದ್ದಾಗಿತ್ತು.

ನಾನು ಯಾರಿಗೂ ಹೇಳಿರಲಿಲ್ಲ, ಆ ಸಂಜೆ ನಾನು ಕಲ್ಲು ನೋಡಿದ್ದು. ಹೆಂಡತಿಗೂ ಹೇಳಿರಲಿಲ್ಲ. ಹಾಲು ಹಾಕೋಕೆ ಆಮೇಲೆ ಅವನ ಅಣ್ಣ ಬರೋಕೆ ಶುರುಮಾಡಿದ. ಬೆಳಿಗ್ಗೆ ಅವನ ಗಾಡಿ ಶಬ್ದ ಕೇಳಿದರೆ ನಾನು ಹಿತ್ತಿಲಿಗೆ ಹೋಗ್ತಿದ್ದೆ. 'ಯು ಟರ್ನ್' ನಾನು ನೋಡಿದ್ದು ಅದಾದ ಒಂದು ವರ್ಷದ ಮೇಲೆ, ಮೊಬೈಲಿನಲ್ಲಿ. ನೋಡೋ ಮೊದಲೇ ಗೆಳೆಯನೊಬ್ಬ ಕೊನೆ ಹೇಳಿಬಿಟ್ಟಿದ್ದ. ಗಂಡನೇ ಮಾರಾಯಾ ಕಲ್ಲು ಸರಿಸಿದ್ದು, ಅಂತ. ಅವನು ಹೇಳದೆ ಇದ್ದಿದ್ದರೆ ನಾನು ಅದನ್ನು ನೋಡ್ತಿರಲಿಲ್ಲ. ದೆವ್ವದ ಸಿನಿಮಾ ಅಂತ ಬಿಟ್ಟುಬಿಡ್ತಿದ್ದೆ. ಆ ಒಂದು ಸಾಲು ಕೇಳಿದ್ದಕ್ಕೇ ನೋಡಿದೆ. ನನ್ನ ಮಟ್ಟಿಗೆ ಸ್ಪಾಯ್ಲರ್ ಏನನ್ನೂ ಕೆಡಿಸಲಿಲ್ಲ. ಸಿನಿಮಾ ನನ್ನ ಹತ್ತಿರ ಬಂದಿದ್ದೇ ಅದರಿಂದ.

ಆಚೆ ಕಡೆಯ ಮಾತನ್ನೂ ಒಪ್ಪಿಕೊಳ್ತೀನಿ. ಬಿಡುಗಡೆಯ ದಿನವೇ ಥಿಯೇಟರಿನೊಳಗೆ ಕೂತು ಮೊಬೈಲಿನಲ್ಲಿ ಕೊಲೆಗಾರನ ಹೆಸರು ಹಾಕೋದು ಕಿಡಿಗೇಡಿತನ. ಸಣ್ಣ ಬಜೆಟ್ಟಿನಲ್ಲಿ ಎರಡು ಮೂರು ವರ್ಷ ದುಡಿದವರ ಹೊಟ್ಟೆ ಮೇಲೆ ಹೊಡೆದ ಹಾಗೆ. ಏನೂ ಗೊತ್ತಿಲ್ಲದೆ ಮೊದಲ ಸಲ ನೋಡೋ ಸುಖ ಒಂದಿದೆ, ಅದು ಒಮ್ಮೆ ಮಾತ್ರ ಸಿಗೋದು, ಅದನ್ನು ಕಸಿಯೋ ಹಕ್ಕು ಯಾರಿಗೂ ಇಲ್ಲ. ಹಾಗಾಗಿ ಮೊದಲ ಎರಡು ಮೂರು ವಾರ ಬಾಯಿ ಮುಚ್ಚಿಕೊಂಡಿರೋಣ. ಆಮೇಲೆ ಬರೆಯುವವರು ಮೇಲೊಂದು ಸಾಲು ಎಚ್ಚರಿಕೆ ಹಾಕಿ ಪೂರ್ತಿ ಬರೀಲಿ. ಪತ್ರಿಕೆಯವರು ಶುಕ್ರವಾರದ ವಿಮರ್ಶೆ ಹಾಕಿ ಕೈ ತೊಳೆದುಕೊಳ್ಳದೆ, ತಿಂಗಳು ಬಿಟ್ಟು ಇನ್ನೊಂದು ಹಾಕಲಿ. ಅದರಲ್ಲಿ ಕೊಲೆಗಾರ ಯಾರು ಅಂತಲೂ ಇರಲಿ, ಅವನನ್ನೇ ಯಾಕೆ ಕೊಲೆಗಾರ ಮಾಡಿದರು ಅಂತಲೂ ಇರಲಿ. ಪ್ರತಿ ಸಲ ಹುಚ್ಚನೇ ಯಾಕೆ ಕೊಲೆಗಾರ ಆಗ್ತಾನೆ? ಪ್ರತಿ ಸಲ ಬೆಂಗಳೂರಿನ ಕಾರು ಕಾಡಿನ ಊರಿಗೆ ಬಂದಾಗಲೇ ಯಾಕೆ ಊರಿನವರೆಲ್ಲ ಏನೋ ಮುಚ್ಚಿಡ್ತಾರೆ? ಮಲೆನಾಡು ಅಂದ್ರೆ ಹೆಣ ಹೂಳೋ ಜಾಗ ಅಂತ ಯಾರು ಹೇಳಿದ್ದು? ಕೊನೆ ಬಗ್ಗೆ ಮಾತಾಡದೆ ಇದ್ದರೆ ಈ ಪ್ರಶ್ನೆಗಳನ್ನು ಕೇಳೋಕೆ ಜಾಗವೇ ಇಲ್ಲ. ಕೇಳದೆ ಇದ್ದರೆ ನಿರ್ದೇಶಕರು ಅದೇ ಹುಚ್ಚನನ್ನು, ಅದೇ ಕಾಡನ್ನು ಇನ್ನೂ ಹತ್ತು ಸಿನಿಮಾದಲ್ಲಿ ತೋರಿಸ್ತಾರೆ. ಗುಟ್ಟು ಕಾಯ್ದು ನಾವು ಒಳ್ಳೇ ಸಿನಿಮಾಕ್ಕೆ ಸಹಾಯ ಮಾಡ್ತಾ ಇಲ್ಲ, ಕೆಟ್ಟ ಸಿನಿಮಾಕ್ಕೆ ಮಾಡ್ತಾ ಇದ್ದೀವಿ. ಒಳ್ಳೇದು ಕೊನೆ ಗೊತ್ತಾದ ಮೇಲೂ ನಿಲ್ಲುತ್ತದೆ. ಕೆಟ್ಟದ್ದಕ್ಕೆ ಗುಟ್ಟೇ ಬಂಡವಾಳ.

ಆ ದಿನ ಚಹಾದಂಗಡಿಯಲ್ಲಿ ನಾನು ಕೊನೆ ಹೇಳಿದೆ. ಗಂಡನೇ ಸರಿಸಿದ್ದು ಅಂದೆ. ಅಂಗಡಿಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ರೀ, ನಮ್ಮ ಹಾಲಿನ ಹುಡುಗ ಸತ್ತಾಗ ಆ ಕಲ್ಲು ನಾನೂ ನೋಡಿದ್ನಿ" ಅಂದರು. ಹಿಂದಿನ ಸಂಜೆ ಕಲಘಟಗಿ ಸಂತೆಯಿಂದ ಟೆಂಪೋದಲ್ಲಿ ಬರ್ತಾ ನೋಡಿದ್ದರಂತೆ. ಅವರೂ ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ನಾನೂ ಹೇಳಿದೆ. ಚಿಕ್ಕಪ್ಪನ ಮಗ ಇಬ್ಬರ ಮುಖ ನೋಡ್ತಾ ಕೂತಿದ್ದ. ಸ್ಪಾಯ್ಲರ್ ವಿಷಯ ಮತ್ತೆ ಎತ್ತಲಿಲ್ಲ.

ವಾರದ ಮೇಲೆ ಬೆಂಗಳೂರಿಂದ ಫೋನ್ ಮಾಡಿದ. ಸಿನಿಮಾ ನೋಡಿದನಂತೆ. ಗೊತ್ತಿಲ್ಲದೆ ನೋಡಿದ್ದರೆ ಇನ್ನೂ ಚೆನ್ನಾಗಿರ್ತಿತ್ತು ಅಂತ ಈಗಲೂ ಹೇಳ್ತಾನೆ. ಇರಲಿ, ಅದು ಅವನ ಅಭಿಪ್ರಾಯ. ಆಮೇಲೆ ಕೇಳಿದ, "ಆ ತಿರುವಿನಲ್ಲಿ ಈಗ ದೀಪ ಹಾಕಿದಾರಾ?"

ಇಲ್ಲ. ಇನ್ನೂ ಹಾಕಿಲ್ಲ.